ಕೈ ಹೋದ ಕಡೆ ಹಾಡು

ರಾತ್ರಿ ಹನ್ನೊಂದೂವರೆಗೆ ಕತ್ತಲಲ್ಲಿ ‘ಟಕ್’ ಎಂದು ಸಣ್ಣ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ನೆಟಿಗೆ ಮುರೀಬೇಡ್ವೇ,” ಪಕ್ಕದ ಚಾಪೆಯಿಂದ ಅಜ್ಜಿ ದೊಡ್ಡಮುನಿಯಮ್ಮ ಗದರಿದಳು. “ಬೆಳಿಗ್ಗೆ ಆ ಬೆರಳಲ್ಲೇ ತಾನೆ ನಿನ್ನ ಪಾಠ? ಮಲಿಕ್ಕೊ.”

ಪೂಜಿತಾ ಕೈಯನ್ನು ದಿಂಬಿನ ಕೆಳಗೆ ತುರುಕಿದಳು. ನಿದ್ದೆ ಎಲ್ಲಿಂದ ಬರಬೇಕು? ಪಾಶ್ಚಾತ್ಯ ಸಂಗೀತದಲ್ಲಿ ಡಿಗ್ರಿ ಮುಗಿಸಿ ಎರಡು ವರ್ಷವಾಗಿತ್ತು. ಎರಡು ಶಾಲೆಗಳಲ್ಲಿ ಡೆಮೊ ಪಾಠ ಮಾಡಲು ಹೋಗಿ, ಎರಡರಲ್ಲೂ ಹೆದರಿ ಪಾಠವನ್ನು ಅರ್ಧಕ್ಕೇ ಬಿಟ್ಟು ವಾಪಸ್ ಬಂದಿದ್ದಳು. ನಾಳೆ ಹೊರಮಾವಿನ ಶಾಲೆ. ಅದೂ ಕೈತಪ್ಪಿದರೆ ಸೋಮವಾರದಿಂದ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೂರಬೇಕು. ನರೇಶ್ ಮಾಮ ಮಾತಾಡಿ ಇಟ್ಟಿದ್ದ. ಅಲ್ಲಿಗೆ ಸಂಗೀತಕ್ಕೆ ಕೈಮುಗಿದಂತೆಯೇ.

ಮರುದಿನ ಹಲಸೂರಿನ ತನ್ನ ಬೀದಿಯ ಆರು ಮಕ್ಕಳನ್ನು ಕರೆದುಕೊಂಡು ಹೋದಳು. ಹಾಡುವವರು ಅವರೇ. ಶಾಲೆಯ ದೊಡ್ಡ ಹಾಲ್‌ನಲ್ಲಿ ಕಾರ್ಯದರ್ಶಿ ಸುಜಾತಾ ಮೇಡಂ, ಅವರ ಹಿಂದೆ ನಾಲ್ಕು ಜನ ಟೀಚರುಗಳು. ಕುರ್ಚಿ ಎಳೆದರೂ ಪ್ರತಿಧ್ವನಿ ಬರುವ ಜಾಗ.

“ಸಾವಿರ ವರ್ಷದ ಹಿಂದೆ ಯುರೋಪಿನ ಮಠಗಳಲ್ಲಿ ಪ್ರಾರ್ಥನೆಗಳನ್ನ ಕೇಳಿ ಕೇಳಿಯೇ ಕಲೀಬೇಕಿತ್ತು,” ಎಂದು ಪೂಜಿತಾ ಶುರುಮಾಡಿದಳು. “ತಾಳ ಇಲ್ಲ, ವಾದ್ಯ ಇಲ್ಲ, ಎಲ್ಲರದೂ ಒಂದೇ ಧಾಟಿ. ಪೂರ್ತಿ ಕಲಿಯೋಕೆ ಹತ್ತು ವರ್ಷ ಹಿಡೀತಿತ್ತಂತೆ. ಆಗ ಇಟಲಿಯ ಗ್ವಿಡೊ ಅನ್ನೋ ಸನ್ಯಾಸಿ ಆರು ಸ್ವರಗಳಿಗೆ ಹೆಸರಿಟ್ಟ. ಉತ್, ರೆ, ಮಿ, ಫಾ, ಸೋಲ್, ಲಾ. ಅವನ್ನ ಕೈ ಮೇಲೆ ಗುರುತು ಮಾಡೋ ಪದ್ಧತಿನೂ ಬಂತು. ಗುರು ಯಾವ ಗೆಣ್ಣು ಮುಟ್ತಾರೋ ಶಿಷ್ಯರು ಆ ಸ್ವರ ಹಾಡ್ಬೇಕು.”

ಕೈಯ ಪದ್ಧತಿ ಗ್ವಿಡೊನದೇ ಎನ್ನಲು ಪುರಾವೆ ಸಾಲದು ಎಂದೂ ಸೇರಿಸಿದಳು. ಸೇರಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಹಳೆಯ ಕೈಯಲ್ಲಿ ಇಪ್ಪತ್ತರಷ್ಟು ಗುರುತುಗಳು. ಪೂಜಿತಾ ಮಕ್ಕಳಿಗಾಗಿ ಅದನ್ನು ಸುಲಭ ಮಾಡಿದ್ದಳು. ಕಿರುಬೆರಳಿನ ಬುಡದಿಂದ ತುದಿಗೆ ಉತ್, ರೆ, ಮಿ; ಉಂಗುರಬೆರಳಿನಲ್ಲಿ ಫಾ, ಸೋಲ್, ಲಾ. ಉಳಿದ ಬೆರಳುಗಳಿಗೆ ಸ್ವರವಿಲ್ಲ. ಅವಳ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತಿತು, ಇಳಿಯಿತು. ಮಕ್ಕಳೂ ಹತ್ತಿದರು, ಇಳಿದರು.

ಸುಜಾತಾ ಮೇಡಂ ಮೊಬೈಲ್ ನೋಡುತ್ತಿದ್ದರು. “ಸರಿಗಮ ಪಾಠದ ಥರಾನೇ ಇದ್ಯಲ್ರೀ. ಹಾಡೆಲ್ಲಿ?” ಎಂದು ಆಕಳಿಸಿದರು. “ಹೋಗ್ಲಿ ಬಿಡಿ. ನಿಮ್ಮನ್ನ ತಗೊಂಡ್ರೆ ವಾರಕ್ಕೆ ಎಷ್ಟು ಪೀರಿಯಡ್ ಬೇಕಾಗುತ್ತೆ? ಐದನೇ ಕ್ಲಾಸಿಂದ ಎಂಟನೇ ಕ್ಲಾಸು, ಎರಡೆರಡು ಸೆಕ್ಷನ್. ಎಂಟನೇದು ಮಾತ್ರ ಒಂದೇ. ಸೆಕ್ಷನ್ನಿಗೆ ವಾರಕ್ಕೊಂದು ಪೀರಿಯಡ್ ಸಾಕು.”

ಬೇರೆ ದಿನವಾಗಿದ್ದರೆ ಏಳು ಎಂದು ಥಟ್ಟನೆ ಹೇಳಿಬಿಡುತ್ತಿದ್ದಳು. ಇವತ್ತು ತನ್ನ ಲೆಕ್ಕದ ಮೇಲೆ ನಂಬಿಕೆಯಿಲ್ಲದೆ ಹೆಬ್ಬೆರಳಿಂದ ಗೆಣ್ಣು ಮುಟ್ಟುತ್ತ ಎಣಿಸತೊಡಗಿದಳು. ಐದು ಎ, ಐದು ಬಿ, ಆರು ಎ...

“ಉತ್... ರೆ... ಮಿ...” ಎಂದು ಮಕ್ಕಳು ಹಾಡಿದರು.

ಪೂಜಿತಾಳ ಹೆಬ್ಬೆರಳು ಬೆಚ್ಚಿ ನಿಂತಲ್ಲೇ ನಿಂತಿತು. ಮಕ್ಕಳೂ ‘ಮಿ’ಯ ಮೇಲೇ ನಿಂತರು. ಉಸಿರು ಮುಗಿಯುವ ತನಕ ಬಿಡುವ ಮಕ್ಕಳಲ್ಲ ಅವು. ಕೈ ಎಳೆದುಕೊಳ್ಳಲು ಹೋದಳು. ಹೆಬ್ಬೆರಳು ಉಂಗುರಬೆರಳಿನ ತುದಿಗೆ ತಗಲಿತು. “ಲಾ!” ಅಲ್ಲಿಂದ ನಡುಬೆರಳಿಗೆ ಜಾರಿತು. ಮಕ್ಕಳು ಗಪ್‌ಚಿಪ್. ಆ ಮೌನದಲ್ಲಿ ಹಾಲ್ ತಾನೇ ಸ್ವಲ್ಪ ಹೊತ್ತು ‘ಲಾ’ ಎಂದಿತು. ಗಾಬರಿಯಲ್ಲಿ ಮುಷ್ಟಿ ಕಟ್ಟುವಾಗ ಹೆಬ್ಬೆರಳು ಕಿರುಬೆರಳಿನ ಬುಡ ಮುಟ್ಟಿತು. “ಉತ್,” ಎಂದು ಆರು ಕಂಠಗಳು ಮೆತ್ತಗೆ ಕೆಳಗಿಳಿದವು.

ಸುಜಾತಾ ಮೇಡಂ ಮೊಬೈಲನ್ನು ಕವುಚಿಟ್ಟರು.

“ಏನ್ರೀ ಇದು! ಇದನ್ನ ಮೊದ್ಲೇ ಹಾಡಿಸ್ಬಾರ್ದಿತ್ತಾ? ಮೈ ಜುಮ್ ಅಂತು. ಯಾವ ಕಾಲದ್ದು?”

ನಿಜ ಹೇಳಿದರೆ ದೊಡ್ಡನೆಕ್ಕುಂದಿಯ ಆಫೀಸೇ ಗತಿ. ಸುಳ್ಳು ಅವಳ ನಾಲಿಗೆಗೆ ಬರುವುದಿಲ್ಲ. ಪೂಜಿತಾ ಒಂದೊಂದೇ ಮಾತನ್ನು ತೂಗಿ ಹೊರಗಿಟ್ಟಳು.

“ಯಾವ ಪುಸ್ತಕದಲ್ಲೂ ಇಲ್ಲ ಮೇಡಂ. ಕೈ ಹೋದ ಕಡೆ ಹಾಡು ಹೋಗುತ್ತೆ.”

“ಅಂದ್ರೆ ಮೊದಲೇ ಕಲಿಸಿರಲಿಲ್ವಾ?”

“ಇಲ್ಲ ಮೇಡಂ. ಇವತ್ತೇ ಮೊದಲು.”

“ಹಾಗಾದ್ರೆ ನನ್ನ ಕೈ ನೋಡಿ ಹಾಡ್ಲಿ ನೋಡೋಣ.” ಅವರು ಎದ್ದು ಬಂದು ಅಂಗೈ ಚಾಚಿ ಗೆಣ್ಣು ಮುಟ್ಟಿದರು. ಮಕ್ಕಳು ಹಾಡಿದರು. ಇನ್ನೊಂದು ಮುಟ್ಟಿದರು. ಐದು ನಿಮಿಷವಾದರೂ ಬಿಡಲಿಲ್ಲ. ಹಿಂದಿದ್ದ ಟೀಚರುಗಳೂ ಕೈ ಚಾಚಿಕೊಂಡು ಸರದಿಗೆ ನಿಂತರು. ಕೊನೆಗೆ, “ಸೋಮವಾರ ಬಂದ್ಬಿಡಿ ಪೂಜಿತಾ. ಆರ್ಡರ್ ರೆಡಿ ಮಾಡಿಸ್ತೀನಿ,” ಎಂದರು.

ಬಸ್ ಸ್ಟಾಪಿನಲ್ಲಿ ಮಕ್ಕಳ ಪೈಕಿ ದೊಡ್ಡವಳಾದ ಸಾಮಿಯಾ ಅವಳ ದುಪಟ್ಟಾ ಜಗ್ಗಿದಳು.

“ಮಿಸ್, ನೀವು ಲೆಕ್ಕ ಹಾಕ್ತಿದ್ರಿ ಅಲ್ವಾ? ಬಾಯಲ್ಲಿ ‘ಐದು ಎ, ಐದು ಬಿ’ ಅಂತಿದ್ರಿ.”

“ಗೊತ್ತಿದ್ದೂ ಯಾಕೆ ಹಾಡಿದ್ಯೇ?”

“ನೀವೇ ತಾನೆ ಹೇಳಿದ್ದು, ಕೈ ನೋಡ್ಬೇಕು, ಬಾಯಿ ನೋಡ್ಬಾರ್ದು ಅಂತ?”

ಪೂಜಿತಾಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು.

“ಏನಾಯ್ತೇ? ಹೆದರ್ಕೊಂಡ್ಯಾ?” ಎಂದಳು ಅಜ್ಜಿ.

“ಕೆಲಸ ಸಿಕ್ತು ಅಜ್ಜಿ. ಮಕ್ಕಳು ಬಲೇ ಚೆನ್ನಾಗಿ ಹಾಡಿದ್ರು.”

ಉಳಿದದ್ದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ನರೇಶ್ ಮಾಮ ವರ್ಷಗಟ್ಟಲೆ ಆಡಿಕೊಳ್ಳುತ್ತಾನೆ. ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿ, ಸಾಮಿಯಾಳಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಅವಳು ಮಕ್ಕಳನ್ನು ಬಸ್ಸಿಗೆ ಹತ್ತಿಸಿದಳು.