ಆರು ನಂಬರು

"ರವಿಕೆ ತೆಗಿ ಅಂದೆ ಅಲ್ವಾ? ಕಿವಿಗೆ ಹತ್ತಿ ಇಟ್ಟಿದ್ದೀಯಾ ನೀನು?"

ಜಮೀನ್ದಾರರ ಮನೆಯ ಸಣ್ಣ ಧನಿ ವಿಘ್ನೇಶ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊಬೈಲು ಕೂರಿಸುತ್ತ ಅಂದ ಮಾತು ಇದು. ಅಂಗಳದ ಕೆಳಗಿನ ಮೂಲೆಯಲ್ಲಿ ದನದ ಹಟ್ಟಿಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅಮ್ಮಣ್ಣಿ ತಲೆ ಎತ್ತಲಿಲ್ಲ. ಕೈಯಲ್ಲಿ ಬುಟ್ಟಿಯ ಅಡಿ ಇತ್ತು. ಅಡಿ ಹೆಣೆಯುವಾಗ ಕೈ ಬಿಟ್ಟರೆ ಕಡ್ಡಿಗಳು ದಿಕ್ಕಿಗೊಂದಾಗಿ ಚೆದುರುತ್ತವೆ, ಮತ್ತೆ ಮೊದಲಿನಿಂದ ಕೂರಿಸಬೇಕು. ಅದಕ್ಕೇ ಅವಳು ಕೈ ಬಿಡಲಿಲ್ಲ.

"ಎಂತಕ್ಕೆ ಧನೀ?"

"ಒರಿಜಿನಲ್ ಕಾಣ್ಬೇಕು ಮಾರಾಯ್ತಿ. ಹೂವಿನ ರವಿಕೆ ಹಾಕಿ ಬುಟ್ಟಿ ಹೆಣೆದ್ರೆ ಯಾವ ನಾಯಿ ನೋಡ್ತದೆ? ನಿನ್ನ ಅಜ್ಜಿ ಎಂತ ರವಿಕೆ ಹಾಕ್ತಿದ್ದಳಾ? ಸೊಪ್ಪು ಉಡ್ತಿದ್ದದ್ದಲ್ವಾ? ನಾನು ಸೊಪ್ಪೇ ಉಡು ಅಂತ ಹೇಳ್ಲಿಲ್ಲ ಅಲ್ಲ. ಸೀರೆ ಮೇಲೆ ಸೊಂಟಕ್ಕೆ ನಾಲ್ಕು ಗೆಲ್ಲು ಸಿಕ್ಕಿಸು, ಸಾಕು."

ಹಲಸಿನ ಗೆಲ್ಲುಗಳನ್ನು ಅವನೇ ಮುರಿದು ತಂದಿದ್ದ. ಪಾಪ, ಅಷ್ಟು ಶ್ರಮ. ಹತ್ತಿರ ಬಂದು ಕೊಡುವಂತಿಲ್ಲವಲ್ಲ, ದೂರದಿಂದಲೇ ಅವಳ ಕಾಲಬುಡಕ್ಕೆ ಎಸೆದ.

ಅಮ್ಮಣ್ಣಿ ಕೊರಗರವಳು. ಅವಳ ಅಜ್ಜಿ ಸೊಪ್ಪು ಉಟ್ಟದ್ದು ಹೌದು. ಬಟ್ಟೆ ಉಟ್ಟು ಎದುರು ಬಂದರೆ ಹೊಡೆಯುತ್ತಿದ್ದರು, ಅದಕ್ಕೆ ಉಟ್ಟದ್ದು. ಮಂಗಳೂರಿನಲ್ಲಿ ಮೂರು ತಿಂಗಳು ಆನ್‌ಲೈನ್ ಮಾರ್ಕೆಟಿಂಗ್ ಕೋರ್ಸು ಮಾಡಿ ಬದಿಯಡ್ಕದಲ್ಲಿ ಬೋರ್ಡು ಹಾಕಿದ ವಿಘ್ನೇಶನಿಗೆ ಆ ಪಾಠವನ್ನು ಯಾರೂ ಮಾಡಿರಲಿಲ್ಲ.

ಬೇಡ ಅನ್ನಬಹುದಿತ್ತು. ಆದರೆ ಬುಟ್ಟಿಗೆ ಬೇಕಾದ ಬೂರು, ಅದೇ ಕಾಡಬಳ್ಳಿ, ಸಿಗುವ ಗುಡ್ಡೆ ಧನಿಗಳದು. ಹಿರಿ ಧನಿ ತಿರುಮಲೇಶ್ವರ ಭಟ್ಟರು ತೀರಿಹೋಗಿ ವರ್ಷ ಕಳೆಯುತ್ತ ಬಂದಿತ್ತು, ಈಗ ಗುಡ್ಡೆ ಸಣ್ಣ ಧನಿಯದು. ಅಮ್ಮಣ್ಣಿ ಅಡಿಯ ಮೇಲೆ ಒಂದು ಕಲ್ಲು ಹೇರಿಟ್ಟು ಎದ್ದಳು. ಹಟ್ಟಿಯ ಹಿಂದೆ ಹೋಗಿ ರವಿಕೆ ಬಿಚ್ಚಿ ಮಡಚಿಟ್ಟಳು, ಸೆರಗನ್ನು ಎರಡು ಸುತ್ತು ಬಿಗಿದು ಸುತ್ತಿಕೊಂಡಳು, ಗೆಲ್ಲು ಸಿಕ್ಕಿಸಿಕೊಂಡು ಬಂದು ಕೂತಳು. ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟ ಒಸಡಿನ ಹಾಗೆ ಮೈಯೆಲ್ಲ ಜಡವಾಗಿತ್ತು, ಅಷ್ಟೇ.

"ಹಾಂ, ಈಗ ಲಾಯ್ಕ್ ಉಂಟು! ನಗು ಸ್ವಲ್ಪ. ಮಾತಾಡ್ಬೇಡ, ನಗು."

ವೀಡಿಯೊ ಮುಗಿದ ಮೇಲೆ ಅವನ ತಾಯಿ ವಸುಮತಿಯಮ್ಮ ಚೆಂಬಿನಲ್ಲಿ ನೀರು ಹಿಡಿದು ಇಳಿದು ಬಂದರು. ಹೆಣೆದಿಟ್ಟ ಏಳು ಬುಟ್ಟಿಗಳಿಗೆ ತುಳಸಿ ಕುಡಿಯಿಂದ ನೀರು ಚಿಮುಕಿಸಿದರು. ಕೊರಗರ ಕೈಯ ಬುಟ್ಟಿ ಹಾಗೆಯೇ ಒಳಗೆ ಹೋಗುವಂತಿಲ್ಲ. ನೀರು ಬಿದ್ದ ಮೇಲೆ ಊಟದ ಮೇಜಿನ ಮೇಲೆ ಕೂರಬಹುದು, ಅದರಲ್ಲಿ ಸೇಬು ಕಿತ್ತಳೆ ಜೋಡಿಸಿ ಫೋಟೋ ತೆಗೆಯಬಹುದು. ಬುಟ್ಟಿಗಳು ಒಂದೊಂದಾಗಿ ಮೆಟ್ಟಿಲು ಹತ್ತಿ ಹೋದವು. ಅಮ್ಮಣ್ಣಿ ಸೊಂಟದ ಸೊಪ್ಪು ತೆಗೆದು ದನಕ್ಕೆ ಹಾಕಿ ಮನೆಗೆ ಹೊರಟಳು.

ಬುಟ್ಟಿ ಮಾರಲು ವಿಘ್ನೇಶ ಆನ್‌ಲೈನಿನಲ್ಲಿ ತೆರೆದ ಪೇಜಿಗೆ ಅವಳದೇ ಹೆಸರು, ಅಮ್ಮಣ್ಣಿ ಬಾಸ್ಕೆಟ್ಸ್. ಮಾರುವ ಸೈಟಿನಲ್ಲಿ ಬುಡಕಟ್ಟು ಹೆಂಗಸರ ಅಂಗಡಿಗೆ ಮೇಲಿನ ಸಾಲು ಸಿಗುತ್ತದಂತೆ. ಅದಕ್ಕೇ ಅವಳ ಜಾತಿ ಸರ್ಟಿಫಿಕೇಟು, ಅವಳ ಆಧಾರ್, ಅವಳ ಫೋನ್ ನಂಬರು. ಕಾಗದದ ಮೇಲೆ ಯಜಮಾನ್ತಿ ಅವಳು. ಬೆಂಗಳೂರಿನ ಫ್ಲಾಟುಗಳಿಗೆ, ಕೊಚ್ಚಿಯ ಹೋಟೆಲುಗಳಿಗೆ ಬುಟ್ಟಿ ಹೋಗುತ್ತಿತ್ತು. ಅವಳಿಗೆ ಸಿಗುತ್ತಿದ್ದದ್ದು ಸಂತೆಯ ರೇಟೇ.

ಪೇಜಿನ ಬಾಗಿಲು ತೆರೆಯಬೇಕಾದಾಗೆಲ್ಲ ಅವಳ ಬಟನ್ ಫೋನಿಗೆ ಆರು ನಂಬರಿನ ಒಟಿಪಿ ಬರುತ್ತಿತ್ತು. ಸಿಮ್ಮು ತನ್ನ ಹತ್ತಿರ ಇರಲಿ ಎಂದು ವಿಘ್ನೇಶ ಮೊದಲೇ ಕೇಳಿದ್ದ. ಆದರೆ ರೇಷನ್ನು, ಪೆನ್ಶನ್ನು ಎಲ್ಲದಕ್ಕೂ ಅದೇ ಸಿಮ್ಮು ಬೇಕಾದ್ದರಿಂದ ಅದು ಅವಳಲ್ಲೇ ಉಳಿದಿತ್ತು. ಅವಳಿರುವ ಕೊರಗರ ಕಾಲನಿಯಲ್ಲಿ ರೇಂಜು ಇಲ್ಲ. ಒಟಿಪಿ ಬೇಕಾದಾಗ ಅವಳು ಗುಡ್ಡೆ ಹತ್ತಿ ಧನಿಗಳ ಅಂಗಳದ ಮೂಲೆಗೆ ಬಂದು ಕೂರಬೇಕು, ಬಂದ ನಂಬರನ್ನು ಗಟ್ಟಿಯಾಗಿ ಓದಿ ಹೇಳಬೇಕು. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಮರೆತುಹೋಗಿದ್ದರೂ ಅಂಕಿ ಮರೆತಿರಲಿಲ್ಲ. ದಿನಾ ಕಡ್ಡಿ ಎಣಿಸುವವಳಿಗೆ ಅಂಕಿ ಹೇಗೆ ಮರೆಯುತ್ತದೆ?

ರವಿಕೆ ಇಲ್ಲದ ಆ ವೀಡಿಯೊವನ್ನು ಒಂದೇ ವಾರದಲ್ಲಿ ನಾಲ್ಕು ಲಕ್ಷ ಜನ ನೋಡಿದರು.

ಆ ನಾಲ್ಕು ಲಕ್ಷದಲ್ಲಿ ಪೂಜಾಶ್ರೀಯ ಕ್ಲಾಸಿನವರೂ ಇದ್ದರು. ಪೂಜಾಶ್ರೀ ಅಮ್ಮಣ್ಣಿಯ ಮಗಳು, ಅವರ ಕಾಲನಿಯಿಂದ ಪ್ಲಸ್ ಟು ಮುಟ್ಟಿದ ಮೊದಲ ಹುಡುಗಿ. ಒಂದು ದಿನ ಅವಳು ಬೆಳಿಗ್ಗೆ ಹತ್ತೂವರೆಗೇ ಮನೆಗೆ ಬಂದಳು. ಚೀಲ ಬಿಚ್ಚಿ ನೆಲಕ್ಕೆ ಸುರಿದಳು. ಹಲಸಿನ ಸೊಪ್ಪು.

"ಬೆಂಚಿನ ಮೇಲೆ ರಾಶಿ ಹಾಕಿದ್ರು. ನಿನ್ನ ಯೂನಿಫಾರ್ಮ್ ಅಂತ ಚೀಟಿ ಬರೆದು ಇಟ್ಟಿದ್ರು."

ಅಮ್ಮಣ್ಣಿ ಕೈಯ ಬುಟ್ಟಿ ಕೆಳಗಿಟ್ಟಳು.

"ಟೀಚರ್ ಬಂದು ಎಂತ ಹೇಳಿದ್ರು ಗೊತ್ತುಂಟಾ? ಕಸ ಯಾರದ್ದು, ಹೊರಗೆ ಹಾಕಿ ಅಂತ. ನಾನೇ ಹೆಕ್ಕಿದೆ. ನೀನು ರವಿಕೆ ಯಾಕಮ್ಮ ತೆಗ್ದದ್ದು? ಯಾಕೆ ತೆಗ್ದದ್ದು ನೀನು?"

"ಬೂರು ಬೇಕಲ್ಲ ಮಗಾ."

"ಆ ವೀಡಿಯೊ ಹೋಗದೆ ನಾನು ಆ ಶಾಲೆಯ ಮೆಟ್ಟಿಲು ಹತ್ತುದಿಲ್ಲ."

ಹತ್ತಲಿಲ್ಲ. ಒಂದು ವಾರ ಎರಡಾಯಿತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಶಾಲೆಯಿಂದ ಕಾಗದ ಬಂತು. ಅಮ್ಮಣ್ಣಿಯ ಗಂಡ ಕುಂಞ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮಾಡಿನ ಹಂಚಿಗೆ ಸಿಕ್ಕಿಸಿಟ್ಟ.

ಅಮ್ಮಣ್ಣಿ ಧನಿಯ ಮನೆಗೆ ಹೋಗಿ ಕೇಳಿದಳು. ವಿಘ್ನೇಶ ನಕ್ಕುಬಿಟ್ಟ.

"ನಾಲ್ಕು ಲಕ್ಷ ವ್ಯೂಸ್ ಇರುದನ್ನು ತೆಗಿಲಿಕ್ಕೆ ನಿನ್ನ ತಲೆ ಸಮ ಉಂಟಾ? ನಿನ್ನ ಮಗಳಿಗೆ ಖುಷಿ ಆಗ್ಬೇಕಿತ್ತು, ಅಮ್ಮ ಫೇಮಸ್ ಅಂತ. ಆಯ್ತು, ತೆಗಿತೇನೆ. ಈಗ ಬಂದ ಒಟಿಪಿ ಹೇಳು."

ಹೇಳಿದಳು. ತೆಗೆಯಲಿಲ್ಲ. ಮುಂದಿನ ವಾರ ಮತ್ತೆ ಕೇಳಿದಳು, ಮತ್ತೆ ತೆಗಿತೇನೆ ಅಂದ, ಮತ್ತೆ ನಂಬರು ಹೇಳಿಸಿಕೊಂಡ. ಮೂರನೇ ಸಲವೂ ಅದೇ ರಾಗ. ಮೂಗಿಗೆ ತುಪ್ಪ ಸವರುವುದರಲ್ಲಿ ಆ ಮನೆಯವರನ್ನು ಮೀರಿಸಿದವರಿಲ್ಲ ಎಂದು ಕುಂಞ ಹೇಳಿದ. ಹೇಳಿ, ಕೆಮ್ಮಿ, ಆ ಕಡೆ ತಿರುಗಿ ಮಲಗಿದ.

ಕೊನೆಗೆ ಅವಳು ಪೈವಳಿಕೆಯ ಅಕ್ಷಯ ಕೇಂದ್ರಕ್ಕೆ ಹೋದಳು. ಸರಕಾರದ ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಸಿಕೊಡುವ ತೌಫೀಕ್ ಪೇಜು ತೆರೆದು ನೋಡಿದ. ನೋಡಿದವನೇ ಪರದೆಯನ್ನು ಬೇಗ ಆಚೆ ತಿರುಗಿಸಿದ. ಸಾಲಿನಲ್ಲಿ ನಿಂತ ಗಂಡಸರು ಆಗಲೇ ಇಣುಕುತ್ತಿದ್ದರು.

"ಇದು ನಿಮ್ಮ ಹೆಸರಲ್ಲೇ ಉಂಟಲ್ಲ ಅಮ್ಮಣ್ಣಿಯಕ್ಕ. ಬೀಗದ ಕೈ ನಿಮ್ಮ ಕೈಯಲ್ಲೇ ಇರುದು."

"ಹಾಗಾದ್ರೆ ಆ ವೀಡಿಯೊ ನೀವು ತೆಗಿಯಿರಿ ಬ್ಯಾರಿಗಳೇ."

ತೌಫೀಕ್ ಕೆನ್ನೆ ಕೆರೆದುಕೊಂಡ. "ನಾನು ಒತ್ತಿದ್ರೆ ನಾಳೆ ನನ್ನ ಸೆಂಟರಿನ ಮೇಲೆ ಕಂಪ್ಲೇಂಟು ಹೋಗ್ತದೆ. ನಿಮ್ಮ ಸಣ್ಣ ಧನಿಯ ಮಾವ ಪಂಚಾಯತಿನಲ್ಲಿದ್ದಾರೆ, ನಿಮಗೆ ಗೊತ್ತುಂಟಲ್ಲ. ನನಗೂ ಮಕ್ಕಳು ಮರಿ ಉಂಟು." ಆಮೇಲೆ ಧ್ವನಿ ತಗ್ಗಿಸಿದ. "ಒಂದು ಹೇಳ್ತೇನೆ. ನಾನು ಹೇಳಿದ್ದು ಅಂತ ಎಲ್ಲೂ ಹೇಳ್ಬೇಡಿ. ಆ ಆರು ನಂಬರು ನೀವು ಹೇಳದಿದ್ರೆ ಅವನಿಗೂ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ. ಹೊಸ ಫೋನು ತೆಗ್ದಾಗಂತೂ ಅದಿಲ್ಲದೆ ಬಾಗಿಲೇ ತೆರೆಯುದಿಲ್ಲ."

ಅಮ್ಮಣ್ಣಿ ತಲೆಯಾಡಿಸಿದಳು. ಆರು ನಂಬರು. ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದಳು.

ಓಣಂಗೆ ಎಂಟು ದಿನ ಇರುವಾಗ ಕಾಲನಿಗೆ ಹೇಳಿಕೆ ಬಂತು: ಅಮ್ಮಣ್ಣಿ ನಾಳೆ ಬೆಳಿಗ್ಗೆ ಫೋನು ಹಿಡಿದುಕೊಂಡು ಬರಬೇಕಂತೆ. ಸಣ್ಣ ಧನಿ ಕುಂಬಳೆಯಲ್ಲಿ ಹಳೆ ಮೊಬೈಲು ಕೊಟ್ಟು ಹೊಸದು ತೆಗೆದುಕೊಂಡಿದ್ದ. ಓಣಂ ಹೂಬುಟ್ಟಿಗಳ ದೊಡ್ಡ ಸೇಲು ಮಧ್ಯಾಹ್ನ ಹನ್ನೆರಡಕ್ಕೆ ತೆರೆಯುತ್ತದೆ, ಅಷ್ಟರೊಳಗೆ ಪೇಜಿಗೆ ಹೊಕ್ಕಿರಬೇಕು.

"ನಂಬರು ಹೇಳಿಬಿಡು," ಎಂದ ಕುಂಞ. "ಹೊಳೆಯಲ್ಲಿದ್ದು ಮೊಸಳೆ ಹತ್ತಿರ ಜಗಳ ಎಂತಕ್ಕೆ?"

ಪೂಜಾಶ್ರೀ ಒಗೆದು ಮಡಚಿಟ್ಟ ಯೂನಿಫಾರ್ಮಿನ ಪಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಅಮ್ಮಣ್ಣಿ ಆ ಹೂವಿನ ರವಿಕೆಯನ್ನೇ ಹಾಕಿ, ಮೂರೂ ಗುಂಡಿ ಬಿಗಿಯಾಗಿ ಹಾಕಿಕೊಂಡು, ಒಂದು ಕಟ್ಟು ಬೂರು ಹೊತ್ತು ಹೊರಟಳು. ಧನಿಗಳ ಮನೆಯಲ್ಲಿ ಅಂದು ತಿರುಮಲೇಶ್ವರ ಭಟ್ಟರ ತಿಥಿ. ಒಳಗೆ ಮಂತ್ರ ಕೇಳುತ್ತಿತ್ತು, ತುಪ್ಪದ ಪರಿಮಳ ಅಂಗಳದವರೆಗೂ ಬರುತ್ತಿತ್ತು. ಅವಳು ತನ್ನ ಮೂಲೆಯಲ್ಲಿ ಕೂತು ಹೊಸ ಬುಟ್ಟಿಗೆ ಅಡಿ ಕೂರಿಸಿದಳು.

ಹನ್ನೊಂದೂವರೆಯ ಹೊತ್ತಿಗೆ ವಿಘ್ನೇಶ ಓಡಿ ಬಂದ. ಮಡಿಯ ಒದ್ದೆ ಪಂಚೆ, ಬೆರಳಿಗೆ ದರ್ಭೆಯ ಉಂಗುರ, ಕೈಯಲ್ಲಿ ಹೊಸ ಮೊಬೈಲು. ಫೋನು ಮುಟ್ಟಿದರೆ ಮಡಿ ಕೆಡುವುದಿಲ್ಲವೇನೋ. ಅವಳಿಂದ ಎರಡು ಮಾರು ದೂರದಲ್ಲಿ ಗಕ್ಕನೆ ನಿಂತ.

"ಕಳಿಸಿದ್ದೇನೆ, ಬಂತಾ ನೋಡು. ಬೇಗ ಬೇಗ!"

ಫೋನು ಗುಂಯ್ ಎಂದಿತು. ಅಮ್ಮಣ್ಣಿ ಕಣ್ಣು ಕಿರಿದು ಮಾಡಿ ನೋಡಿದಳು. ನಾಲ್ಕು, ಸೊನ್ನೆ, ಏಳು, ಏಳು, ಒಂದು, ಒಂಬತ್ತು.

"ಬಂತು."

"ಹೇಳು ಮತ್ತೆ!"

"ಮಗಳು ಶಾಲೆಗೆ ಹೋಗುದಿಲ್ಲ ಧನೀ."

"ಅಯ್ಯೋ ನಿನ್ನ ಮಗಳ! ನಂಬರು ಹೇಳು. ಒಳಗೆ ಹೋದ ಕೂಡ್ಲೇ ಆ ವೀಡಿಯೊ ತೆಗಿತೇನೆ. ಅಪ್ಪನ ತಿಥಿ ದಿನ ಸುಳ್ಳು ಹೇಳ್ತೇನಾ ನಾನು?"

"ಮೂರು ಸಲ ಹೇಳಿದ್ದೆ. ಮೂರು ಸಲವೂ ತೆಗಿಲಿಲ್ಲ."

"ಎಲಾ! ನನಗೇ ಎದುರು ಮಾತಾಡ್ಲಿಕ್ಕೆ ಆಯ್ತಾ ನಿನಗೆ? ಕೊಡು ಫೋನು ಇಲ್ಲಿ, ಬೇವರ್ಸಿ ರಂಡೆ!"

ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದ. ಜಗಲಿಯಿಂದ ವಸುಮತಿಯಮ್ಮನ ಧ್ವನಿ ಕಿಟಾರನೆ ಬಂತು.

"ವಿಘ್ನೇಶಾ, ಮುಟ್ಟೆಡಾ! ಮುಟ್ಟೆಡ ಮಾರಾಯ! ಭಟ್ಟಮಾವ ಪಿಂಡಕ್ಕೆ ದಿನಿಗೇಳ್ತಾ ಇದ್ದವು!"

ಒಳಗಿಂದ ಪುರೋಹಿತರು ಪಿಂಡಕ್ಕೆ ಕರೆಯುತ್ತಿದ್ದರು. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮುಟ್ಟಿದರೆ ಮತ್ತೆ ಮುಳುಗಬೇಕು, ಮತ್ತೆ ಪಂಚೆ ಹಿಂಡಬೇಕು, ಸಂಕಲ್ಪದಿಂದ ಶುರುಮಾಡಬೇಕು. ಅಷ್ಟರಲ್ಲಿ ಹನ್ನೆರಡು ಕಳೆದಿರುತ್ತದೆ. ಅಪ್ಪನ ಪಿಂಡ ಹಿಡಿಯುವ ಕೈ ಕೊರಗರವಳನ್ನು ಮುಟ್ಟಿತೆಂದು ಊರೆಲ್ಲ ಸುದ್ದಿಯಾಗುತ್ತದೆ, ಅದು ಬೇರೆ.

ಅಮ್ಮಣ್ಣಿ ಆ ಕೈಯನ್ನೇ ನೋಡಿದಳು. ನಿಧಾನವಾಗಿ ರವಿಕೆಯ ಮೇಲಿನ ಗುಂಡಿ ಬಿಚ್ಚಿದಳು. ಫೋನನ್ನು ಒಳಗಿಟ್ಟಳು. ಗುಂಡಿ ಹಾಕಿದಳು.

"ಬುಟ್ಟಿಗೆ ನೀರು ಚಿಮುಕಿಸಿ ತಕ್ಕೊಳ್ತೀರಲ್ಲ," ಎಂದಳು. ಧ್ವನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ. "ಇದಕ್ಕೂ ಚಿಮುಕಿಸಿ ತಕ್ಕೊಳ್ಳಿ ಧನೀ."

ವಿಘ್ನೇಶನ ಬಾಯಿಗೆ ಬಂದದ್ದೆಲ್ಲ ಹೊರಗೆ ಬಿತ್ತು. ಅವಳ ಅಜ್ಜಿ, ಅವಳ ಸೊಪ್ಪು, ಅವಳ ಹುಟ್ಟು, ಯಾವುದೂ ಉಳಿಯಲಿಲ್ಲ.

"ಇನ್ನು ಗುಡ್ಡೆಗೆ ಕಾಲಿಟ್ರೆ ಕಾಲು ಕಡಿದು ಹಾಕ್ತೇನೆ! ಒಂದು ತುಂಡು ಬೂರು ಸಿಗುದಿಲ್ಲ ನಿಮಗೆ. ಎಂತ ತಿಂತೀರಿ? ಮಣ್ಣು ತಿಂತೀರಾ?"

"ಗೊತ್ತುಂಟು ಧನೀ."

ಗೊತ್ತಿತ್ತು. ರಾತ್ರಿಯಿಡೀ ಅದನ್ನೇ ಯೋಚಿಸಿ ಬಂದಿದ್ದಳು. ಇವತ್ತು ತಂದ ಬೂರಿನ ಕಟ್ಟೇ ಕೊನೆಯದು. ನಂಬರು ಹೇಳದಿದ್ದರೆ ಆ ವೀಡಿಯೊ ತಾನಾಗಿ ಅಳಿಯುವುದಿಲ್ಲ, ಈ ಹೊತ್ತಿಗೂ ಯಾರೋ ಅದನ್ನು ನೋಡುತ್ತಿರಬೇಕು, ಅದೂ ಗೊತ್ತಿತ್ತು. ಮಗಳು ನಾಳೆಯೂ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ಹೆದರಿಕೆ ಹುಟ್ಟಲಿಲ್ಲ, ಗೆದ್ದೆ ಎಂದೂ ಅನಿಸಲಿಲ್ಲ. ಬಾಯಿ ತೆರೆಯಲು ಮಾತ್ರ ಮನಸ್ಸಾಗಲಿಲ್ಲ.

ಒಳಗಿನಿಂದ ಮತ್ತೆ ಕರೆದರು. ವಿಘ್ನೇಶ ಜಗಲಿಯತ್ತ ನಾಲ್ಕು ಹೆಜ್ಜೆ ಹೋದ, ಮೊಬೈಲು ನೋಡಿದ, ತಿರುಗಿ ಬಂದ. ಹೆಬ್ಬೆರಳಿನಿಂದ ಪರದೆ ಒತ್ತಿದ. ದರ್ಭೆಯ ಉಂಗುರ ಜಾರಿ ನೆಲಕ್ಕೆ ಬಿದ್ದದ್ದು ಅವನಿಗೆ ಕಾಣಲಿಲ್ಲ.

ಅಮ್ಮಣ್ಣಿಯ ಎದೆಯ ಹತ್ತಿರ ಫೋನು ಗುಂಯ್ ಎಂದಿತು. ಹೊಸ ಆರು ನಂಬರು.

"ಹೇಳೇ," ಎಂದ ವಿಘ್ನೇಶ. ಧ್ವನಿ ಈಗ ಸಣ್ಣದಾಗಿತ್ತು. "ಹೇಳು ಮಾರಾಯ್ತಿ, ಎಂತ ಬೇಕು ನಿನಗೆ?"

ಅವಳು ಅಡಿಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬೂರನ್ನು ಒಂದು ಕಡ್ಡಿಯ ಮೇಲಿಂದ ತಂದಳು, ಮುಂದಿನದರ ಕೆಳಗಿನಿಂದ ಎಳೆದಳು. ಫೋನು ಮತ್ತೆ ಗುಂಯ್ ಎಂದಿತು. ಅವಳು ಮುಂದಿನ ಕಡ್ಡಿಗೆ ಕೈ ಹಾಕಿದಳು.