ಮಡಚದ ಕಾಲು

ಬಾಗಿಗೆ ಕೂತರೆ ನೋವಿಲ್ಲ. ಎದ್ದು ಹೆಜ್ಜೆ ಇಟ್ಟರೆ ಸುರು. ಎರಡು ವರ್ಷದವಳಿದ್ದಾಗ ಸೊಂಟದ ಕೀಲಲ್ಲಿ ಕೀವು ತುಂಬಿ, ಒಡೆದು, ಹೇಗೋ ಮಾಯಿತ್ತು. ಕೀಲು ಮಾತ್ರ ಸವೆದುಹೋಯಿತು. ಎಡಗಾಲು ನಾಲ್ಕು ಬೆರಳಷ್ಟು ಗಿಡ್ಡವಾಯಿತು. ಈಗ ಅವಳಿಗೆ ಮೂವತ್ತು ವರ್ಷ. ಕುಂದಾಪುರದ ಹೊಳೆಬದಿಯ ತಮ್ಮನ ಮನೆಯಂಗಳದಲ್ಲಿ ಕೂತು, ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಕೊಡತಿಯಿಂದ ಬಡಿದು ನಾರು ಬಿಡಿಸುವುದು ಅವಳ ಕೆಲಸ. ತಮ್ಮ ದುಗ್ಗಪ್ಪ ರಾಟೆ ತಿರುಗಿಸಿದರೆ, ಅವನ ಹೆಂಡತಿ ಸುಗುಣ ನಾರು ಹಿಡಿದು ಹಿಂದೆ ಹಿಂದೆ ನಡೆಯುತ್ತ ಹಗ್ಗ ಹೊಸೆಯುತ್ತಿದ್ದಳು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮಂಗಳೂರಿನಿಂದ ಬಂದ ಡಾಕ್ಟರು ಕಾಲು ನೋಡಿ ಹೇಳಿದರು: "ಎಲುಬಿಗೆ ಎಲುಬು ಕೂಡಿಸಬಹುದು. ಆಮೇಲೆ ನಡೆದರೆ ನೋವಿರುವುದಿಲ್ಲ. ಆದರೆ ಕೀಲು ಮಡಚುವುದಿಲ್ಲ, ನೆಲದ ಮೇಲೆ ಕೂರಲಾಗದು. ಯೋಚನೆ ಮಾಡಿ ಶನಿವಾರ ಹೇಳಿ."

ಶುಕ್ರವಾರ ಬೆಳಿಗ್ಗೆ ಬಾಗಿ ಬಿದಿರಿನ ದಬ್ಬೆಯೊಂದನ್ನು ಪಕ್ಕೆಯಿಂದ ಮೊಣಕಾಲಿನವರೆಗೆ ಇಟ್ಟು ಹಗ್ಗದಿಂದ ಬಿಗಿದಳು.

"ಎಂತ ಅತ್ತಿಗೆ, ಬಾಳೆಗೊನಿಗೆ ಊರುಗೋಲು ಕೊಟ್ಟಂಗಿತ್ತಲೆ!" ಸುಗುಣ ನಕ್ಕಳು.

"ಒಂದ್ ದಿನ ಹೀಂಗೇ ಇದ್ದ್ ಕಾಂಬ."

ಗಂಜಿಗೆ ಕೂರಲಾಗಲಿಲ್ಲ, ಗೋಡೆಗೊರಗಿ ನಿಂತೇ ಉಂಡಳು. ಕೈಜಾರಿದ ಉಪ್ಪಿನಕಾಯಿ ಹೋಳನ್ನು ಹೆಕ್ಕಲಾಗಲಿಲ್ಲ, ಕೋಳಿ ಬಂದು ಕುಕ್ಕಿತು. ಒಲೆ ಊದಲಾಗಲಿಲ್ಲ. ಸಿಪ್ಪೆಯ ರಾಶಿ ಹಾಗೇ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಕುಸಾಕಾಗಿತ್ತು.

ಸಂಜೆ ಸುಗುಣಳ ಕೈಯಿಂದ ನಾರು ತೆಗೆದುಕೊಂಡು ಹಿಂದೆ ಹೆಜ್ಜೆ ಇಟ್ಟಳು. ನೋವಿತ್ತು, ಆದರೆ ದಿನದ ನೋವಿನ ಕಾಲುಪಾಲು ಮಾತ್ರ. ಇನ್ನೊಂದು ಹೆಜ್ಜೆ, ಮತ್ತೊಂದು. ಅಂಗಳದ ತುದಿಯ ಮಾವಿನಮರ ಬೆನ್ನಿಗೆ ತಾಗಿತು. ನಿಲ್ಲದೆ ಅಲ್ಲಿಯವರೆಗೆ ಅವಳು ಎಂದೂ ನಡೆದಿರಲಿಲ್ಲ.

"ಸಾಕ್ ಅತ್ತಿಗೆ, ಬಿಚ್ಚಿ."

"ಇರ್ಲಿ. ನಾಳೆ ಹೋಯಿ ಹ್ಞೂಂ ಅಂದ್ ಬತ್ತೆ. ಕೊಡತಿ ಇನ್ಮೇಲೆ ನೀನೇ ಹಿಡಿಕ್."

ಸುಗುಣಳ ನಗು ನಿಂತಿತು. "ದಿನಾ ಕೂಕಂಡ್ರೆ ನನ್ ಸೊಂಟ ಎಂತ ಆತ್ತೊ?"

"ನಂಗೊತ್ತಿಲ್ಲೆ ಮಾರಾಯ್ತಿ."

ದುಗ್ಗಪ್ಪ ರಾಟೆಗೆ ಎಣ್ಣೆ ಬಿಡುತ್ತ ಕೂತ. ಸುಗುಣ ಸಿಪ್ಪೆಯ ರಾಶಿಯ ಮುಂದೆ ಕುಳಿತಳು. ಬಾಗಿಯ ಅಂಗೈ ಸವೆಸಿದ ಕೊಡತಿಯ ಹಿಡಿಯನ್ನು ಮುಟ್ಟಿ ನೋಡಿ, ಒಂದೇಟು ಹಾಕಿದಳು. ಸಿಪ್ಪೆಯ ನಾರು ಅಡ್ಡಡ್ಡ ತುಂಡಾಯಿತು.

"ಹಾಂಗಲ್ಲ!" ತೋರಿಸಿಕೊಡಲೆಂದು ಬಾಗಿ ಪಕ್ಕದಲ್ಲಿ ಕೂರಹೋದಳು. ದಬ್ಬೆ ತಡೆಯಿತು.

ನಿಂತಲ್ಲಿಂದಲೇ ಹೇಳಿದಳು: "ಉದ್ದಕ್ಕ್ ಬಡಿ. ಮೆಲ್ಲಗೆ."