ಹೊಳೆಯ ತಳದ ಬೀಗ

ಹಸಿರೋ ಕಂದೋ ಹೇಳಲಾಗದ ನೀರು, ಟಾರ್ಚಿನ ಬೆಳಕು ಒಂದು ಮಾರಿನಾಚೆ ಹೋಗುತ್ತಿಲ್ಲ, ತನ್ನದೇ ಕೈ ತನುಶ್ರೀಗೆ ಯಾರದ್ದೋ ಕೈಯಂತೆ ಕಾಣುತ್ತಿದೆ — ಮುರುಡೇಶ್ವರದ ಸಮುದ್ರದಲ್ಲಿ ಡೈವಿಂಗ್ ಕಲಿತಾಗ ಹೀಗಿರಲಿಲ್ಲ, ಅಲ್ಲಿ ಮೀನು ಕಾಣುತ್ತಿತ್ತು, ಇಲ್ಲಿ ಮಾರ್ಕೋನಹಳ್ಳಿ ಹಿನ್ನೀರಿನಲ್ಲಿ ತನ್ನ ಉಸಿರಿನ ಗುಳ್ಳೆಗಳ ಸದ್ದೊಂದೇ, ಕಲಿಸಿದ ರಂಗನಾಥ್ ಪಕ್ಕದಲ್ಲೇ ಇದ್ದಾನೆ, ಹಗ್ಗ ಎಳೆದರೆ ತಿರುಗಿ ಎಳೆಯುತ್ತಾನೆ, ಅಷ್ಟು ಗೊತ್ತು. ದಡದಿಂದ ಇಳಿದು ಹನ್ನೊಂದು ನಿಮಿಷ, ಇಲ್ಲೇ ಎಲ್ಲೋ ಅಪ್ಪನ ದೋಣಿ, ಅಪ್ಪನದೇನು, ಕಂಟ್ರಾಕ್ಟರನದು, ಅಪ್ಪ ಓಡಿಸುತ್ತಿದ್ದ, ಆರು ವರ್ಷದ ಹಿಂದೆ ಹೊಳೆ ನಡುವೆ ತಳ ಒಡೆದು ಮುಳುಗಿತು, ಇಬ್ಬರು ಹೋದರು, ಒಬ್ಬಳು ಹೊಂಬಾಳಮ್ಮ, ದೋಣಿಯಲ್ಲಿ ಸಿಕ್ಕಾಗಲೆಲ್ಲ ಸೀಬೇಹಣ್ಣು ಕೊಡುತ್ತಿದ್ದವಳು. ಲೈಫ್ ಜಾಕೆಟ್ ಯಾಕೆ ಕೊಡಲಿಲ್ಲ ಎಂದು ಊರೆಲ್ಲ ಕೇಳಿತು, ಅಪ್ಪ ಕದರಯ್ಯನ ಮುಖ ನೋಡುವುದನ್ನೇ ಬಿಟ್ಟಿತು. ಅಪ್ಪನದು ಒಂದೇ ಮಾತು, ಕಳ್ತನ ಆಯ್ತವೆ ಅಂತ ಜಾಕೆಟ್ ಪೆಟ್ಗೆಗೆ ಬೀಗ ಹಾಕ್ಸಿದ್ದೋನು ಕಂಟ್ರಾಕ್ಟ್ರು, ಬೀಗದ ಕೈಯೂ ಅವ್ನತ್ರಾನೇ ಇತ್ತು, ನಾನೇನ್ ಮಾಡ್ಲಿ. ಕಂಟ್ರಾಕ್ಟರ್ ಮಾತ್ರ, ಪೆಟ್ಟಿಗೆಗೆ ಬೀಗವೇ ಇರಲಿಲ್ಲ ಎಂದ. ಬೀಗದ್ದೊಂದು ಫೋಟೊ ತಂದ್ಕೊಡಮ್ಮ, ಕೋರ್ಟಿಗೆ ಅದು ಸಾಕು ಎಂದರು ಅಪ್ಪನ ಕೇಸು ನಡೆಸುವ ತುಮಕೂರಿನ ವಕೀಲರು ರೇಣುಕಾಪ್ರಸಾದ್. ಬ್ಯಾಡ ಕಣವ್ವ, ಬುಡು ಅದ್ನ, ಅಪ್ಪ ಇವತ್ತು ಬೆಳಿಗ್ಗೆಯೂ ಅಂದ, ಅಂದವನು ಹಿಂದೆಯೇ ಬಂದು ದಡದ ಕಲ್ಲಿನ ಮೇಲೆ ಕೂತ — ಮೊಣಕೈಗೆ ಕಬ್ಬಿಣ. ದೋಣಿಯ ಅಂಚು, ಪಾಚಿ, ಮುರಿದ ಸೀಟು, ಇನ್ನೂ ಮುಂದೆ, ಆದರೆ ಮುಂದೆ ಹೋಗಲಾಗುತ್ತಿಲ್ಲ, ಯಾರೋ ಬೆನ್ನ ಹಿಂದಿನಿಂದ ಹಿಡಿದಿದ್ದಾರೆ, ಬಲೆ, ಹಳೆಯ ಮೀನಿನ ಬಲೆ, ಸಿಲಿಂಡರಿಗೆ ಸುತ್ತಿದೆ, ತಿರುಗಿದಷ್ಟೂ ಬಿಗಿಯುತ್ತಿದೆ, ಉಸಿರು ಜೋರಾಗುತ್ತಿದೆ, ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಇಳಿಯುತ್ತಿದೆ, ಒದೆಯಬೇಡ, ಕೈಕಾಲು ಆಡಿಸಬೇಡ, ಒಂದು, ಎರಡು, ಎಣಿಸು — ರಂಗನಾಥನ ಕೈ ಹೆಗಲ ಮೇಲೆ, ಅವನ ಚಾಕು, ಒಂದೊಂದೇ ಎಳೆ, ಎಷ್ಟು ನಿಧಾನ, ಬಿಟ್ಟಿತು. ಅವನು ಹೆಬ್ಬೆರಳು ಎತ್ತಿ ಮೇಲಕ್ಕೆ ಎಂದ, ಅವಳು ಒಂದೇ ನಿಮಿಷ ಎಂದು ಬೆರಳು ತೋರಿಸಿದಳು, ಏಕೆಂದರೆ ಟಾರ್ಚಿನ ತುದಿಯಲ್ಲಿ ಕಿತ್ತಳೆ ಬಣ್ಣ. ಜಾಲರಿ ಪೆಟ್ಟಿಗೆ, ಒಳಗೆ ಜಾಕೆಟ್‌ಗಳು. ಬೀಗ ಇದೆ. ಇದೆಯಪ್ಪ, ನೀನು ಹೇಳಿದ್ದು ನಿಜ, ಮುಖವಾಡದೊಳಗೆ ಅಳು ಬಂತು, ಕ್ಯಾಮೆರಾ ಒತ್ತಿದಳು, ಚೆನ್ನಾಗಿ ಕಾಣಲೆಂದು ಪಾಚಿ ಒರೆಸಿದಳು — ಬೀಗದಲ್ಲೇ ಬೀಗದ ಕೈ. ಅರ್ಧ ತಿರುಗಿ ನಿಂತಿದೆ.

ಮೇಲೆ ಬೆಳಕು, ಕೆಸರಿನಲ್ಲಿ ಮಂಡಿ, ಅಪ್ಪ ಕಲ್ಲಿನ ಮೇಲಿಲ್ಲ, ಸೊಂಟದವರೆಗೆ ನೀರಿಗಿಳಿದು ನಿಂತಿದ್ದಾನೆ. ಬೀಗ ಇತ್ತಾ ಎಂದ. ಇತ್ತು, ಬೀಗದ ಕೈಯೂ ಅದ್ರಲ್ಲೇ ಇತ್ತಪ್ಪ ಎಂದಳು. ಅವನು ಅವಳನ್ನು ನೋಡಲಿಲ್ಲ, ನೀರು ನೋಡಿದ. ಬೀಗದ ಕೈ ನನ್ನತ್ರಾನೇ ಇತ್ತು, ಅರ್ಧ ತಿರುಗ್ತು ಕಣವ್ವ, ಆಮ್ಯಾಕೆ ಕೈ ನಡುಗ್ಬುಡ್ತು, ಬುಟ್ಟು ಈಜ್ಬುಟ್ಟೆ, ಹೊಂಬಾಳಮ್ಮ ಕೂಗ್ತಾನೇ ಇದ್ಲು. ವಕೀಲ್ರಿಗೂ ಹಿಂಗೇ ಹೇಳ್ತೀಯಾ ಎಂದಳು, ಕಂಟ್ರಾಕ್ಟರನ ಸುಳ್ಳು, ಅಪ್ಪನ ಸುಳ್ಳು, ಎರಡೂ ಒಂದೇ ಫೋಟೊದಲ್ಲಿ, ಅಪ್ಪ ಮುಖಕ್ಕೆ ನೀರು ಹಾಕಿಕೊಂಡು ಹೇಳ್ತೀನಿ ಎಂದ, ಅವಳು ಅವನ ಒದ್ದೆ ತೋಳು ಹಿಡಿದಳು, ಕಣ್ಣು ಮುಚ್ಚಿದರೆ ಕೆಳಗೆ ಆ ಜಾಕೆಟ್‌ಗಳು, ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಒತ್ತಿಕೊಂಡು, ತೇಲಲು, ಕಿತ್ತಳೆ ಬಣ್ಣ, ಜಾಲರಿಗೆ ಒತ್ತಿಕೊಂಡು, ಮೇಲಕ್ಕೆ, ಒತ್ತಿಕೊಂಡೇ ಇವೆ.